ಕಾರಿನ ಚಾವಿ, ಓಣಿಯ ಕಾವಲು: ತುಡುಗು ತಡೆಯುವ ನೂರು ವರ್ಷದ ಲೆಕ್ಕ

ಇವತ್ತಿನ ಸಂಚಿಕೆ ಕಾರು ತುಡುಗಿನ ಬಗ್ಗೆ. ಅಂದರೆ, ಕಾರು ಕಳುವಾಗದಂಗ ಕಾಯಲಿಕ್ಕೆ ಜನ ನೂರು ವರ್ಷದಿಂದ ಏನೇನು ಮಾಡ್ಯಾರ, ಅದರಾಗ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನೋ ಇತಿಹಾಸ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಕಾರು ಇಟ್ಟವರ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಗಾಡಿ ಓಣಿಯೊಳಗ ಹೊರಗೇ ನಿಲ್ಲತದ. ಕಂಪನಿ ಕೊಟ್ಟ ಲಾಕ್ ಸಾಕೇನು, ಮ್ಯಾಲೆ ಇನ್ನೊಂದು ಹಾಕಿಸಬೇಕೇನು?" ಹಾಕಿಸಬೇಕು ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಯಾವ ಲಾಕ್, ಮತ್ತು ಅದು ಯಾರನ್ನು ಕಾಯುತ್ತದೆ ಅನ್ನೋದು ಇನ್ನೊಂದು ಪ್ರಶ್ನೆ. ಕೆಲವು ಕೀಲಿಗಳು ನನ್ನ ಗಾಡಿ ಉಳಿಸಿ ಕಳ್ಳನನ್ನ ಪಕ್ಕದ ಮನೆಗೆ ಕಳಿಸುತ್ತವೆ. ಕೆಲವು ಕೀಲಿಗಳು ಇಡೀ ಊರನ್ನೇ ಕಾಯುತ್ತವೆ. ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ.

ಮೊದಲು ನಮ್ಮ ಭಾಗದ ಹಿನ್ನೆಲೆ. ನಮ್ಮ ಕಡೆ ಯಂತ್ರದ ಸವಾರಿ ಬಂದದ್ದು ರೈಲಿನ ರೂಪದಲ್ಲಿ. ಸೊಲ್ಲಾಪುರದ ಕಡೆಯಿಂದ ರಾಯಚೂರಿಗೆ ಹೋಗುವ ಹಳಿ 1871ರಲ್ಲಿ ಪೂರ್ಣವಾಯಿತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲು ಮಾರ್ಗ 1874ರಲ್ಲಿ ತೆರೆಯಿತು. ವಾಡಿ ಜಂಕ್ಷನ್ ಆಗಿದ್ದು ಹಂಗ. ರೈಲು ಎಂಜಿನ್ನನ್ನು ಯಾರೂ ತುಡುಗು ಮಾಡುವುದಿಲ್ಲ. ಮಾಡಿದರೂ ಹಳಿ ಇದ್ದಲ್ಲಿಗೇ ಹೋಗಬೇಕು, ಮುಂದಿನ ಸ್ಟೇಷನ್ನಿನಲ್ಲಿ ಜನ ಕಾಯ್ತಿರ್ತಾರೆ. ಕಾರು ಹಂಗಲ್ಲ. ಅದು ಎಲ್ಲಿ ಬೇಕಾದರೂ ಹೋಗುತ್ತದೆ ಅನ್ನೋದೇ ಅದರ ಗುಣ. ಕಳ್ಳನಿಗೆ ಅನುಕೂಲ ಆಗೋದೂ ಆ ಗುಣವೇ.

ನಿಜಾಮರ ರಾಜ್ಯದಲ್ಲಿ ಕಾರು ಅಂದರೆ ಅರಮನೆಯ ವಸ್ತು. ಮಹಬೂಬ್ ಅಲಿ ಖಾನ್ ಕಾಲದಲ್ಲಿ ಇಂಗ್ಲೆಂಡಿಗೆ ಆರ್ಡರ್ ಕೊಟ್ಟ ರೋಲ್ಸ್ ರಾಯ್ಸ್, ಒಳಗ ಸಿಂಹಾಸನದಂಥ ಆಸನ ಇದ್ದದ್ದು, ಇವತ್ತಿಗೂ ಹೈದರಾಬಾದಿನಲ್ಲಿ ನೋಡಲು ಸಿಗುತ್ತದೆ. ಅಂಥ ಕಾರಿಗೆ ಲಾಕ್ ಯಾಕೆ ಬೇಕು? ಅರಮನೆಗೇ ಕಾವಲಿತ್ತು. ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ನಮ್ಮ ಸಣ್ಣ ಊರುಗಳಲ್ಲಿ ಕಾರು ಬೆರಳೆಣಿಕೆಯಷ್ಟೇ. ಡಾಕ್ಟರು, ಪರಸಿ ಖಣಿಯ ಮಾಲೀಕರು, ಕಾರ್ಖಾನೆಯ ಸಾಹೇಬರು. ಯಾವ ಗಾಡಿ ಯಾರದು ಅನ್ನೋದು ಚಹಾದಂಗಡಿಯ ಹುಡುಗನಿಗೂ ಗೊತ್ತಿರುತ್ತಿತ್ತು. ಬೇರೆ ಯಾರೋ ನಡೆಸಿಕೊಂಡು ಹೊಂಟರೆ "ಡಾಕ್ಟರ್ ಗಾಡಿ ಯಾರು ಒಯ್ಯಾಕತ್ತಾರ?" ಅಂತ ಕೇಳುವ ಕಾಲ. ಊರ ಕಣ್ಣೇ ಮೊದಲ ಲಾಕ್. ಅದು ಒಬ್ಬರ ಗಾಡಿಯನ್ನಲ್ಲ, ಎಲ್ಲರ ಗಾಡಿಯನ್ನೂ ಕಾಯುತ್ತಿತ್ತು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಾರು ಹುಟ್ಟಿದ ಕಡೆ ಹೋಗೋಣ. ಮೊದಲಿನ ಕಾರುಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಅದಕ್ಕೆ ಬೇಕಿದ್ದದ್ದು ರಟ್ಟೆಯ ಬಲ. 1912ರಲ್ಲಿ ಕ್ಯಾಡಿಲಾಕ್ ಕಂಪನಿ ಎಲೆಕ್ಟ್ರಿಕ್ ಸ್ಟಾರ್ಟರ್ ತಂದಿತು, ಗಾಡಿ ಚಾಲೂ ಮಾಡೋದು ಸುಲಭವಾಯಿತು. ಕಳ್ಳನಿಗೂ ಸುಲಭವಾಯಿತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಗೊತ್ತಲ್ಲ, 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾರಾಟವಾದ ಗಾಡಿ. 1919ರಲ್ಲಿ ಅದಕ್ಕೆ ಬಂದ ಸ್ವಿಚ್ಚಿನ ಚಾವಿಗಳಲ್ಲಿ ಇದ್ದದ್ದು ಬರೀ 24 ನಮೂನೆ. ಅಂದರೆ 24 ಚಾವಿಯ ಒಂದು ಗೊಂಚಲು ಇದ್ದವನಿಗೆ ಊರ ಗಾಡಿಯೆಲ್ಲ ತನ್ನದೇ.

ಅದೇ 1919ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಕದ್ದ ಗಾಡಿಯನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಅದು ಕೇಂದ್ರ ಸರ್ಕಾರದ ಅಪರಾಧ. ಯಾಕೆ ಬೇಕಾಯಿತು? ಒಂದು ರಾಜ್ಯದ ಪೊಲೀಸರ ಅಧಿಕಾರ ಗಡಿಗೆ ಬಂದು ನಿಲ್ಲುತ್ತಿತ್ತು, ಗಾಡಿ ನಿಲ್ಲುತ್ತಿರಲಿಲ್ಲ.

ಗಡಿಯ ಮಾತು ನಮಗೆ ಹೊಸದಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯಗಳು ಮರುವಿಂಗಡಣೆ ಆದಾಗ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಅದರಿಂದ ಬಿಡಿಸಿ ಆಂಧ್ರಕ್ಕೆ ಕೊಟ್ಟರು. ನಿನ್ನೆವರೆಗೂ ಒಂದೇ ಜಿಲ್ಲೆಯಾಗಿದ್ದ ಸೇಡಂ ಮತ್ತು ತಾಂಡೂರಿನ ನಡುವೆ ರಾಜ್ಯದ ಗೆರೆ ಬಂತು. ಬೀಗತನ ಹಂಗೇ ಉಳಿಯಿತು, ಸಂತೆ ಹಂಗೇ ಉಳಿಯಿತು, ಪೊಲೀಸ್ ಠಾಣೆಯ ಕಡತ ಮಾತ್ರ ಬೇರೆ ಆಯಿತು. ಚಿಂಚೋಳಿಯಿಂದ ಜಹೀರಾಬಾದ್ ಕಡೆಗೂ ಅದೇ ಕಥೆ. ಇಲ್ಲಿಂದ ಹೋದ ಗಾಡಿ ಬೆಳಗಾಗೋದರೊಳಗ ಇನ್ನೊಂದು ರಾಜ್ಯದಲ್ಲಿ ಇರಬಹುದು. ಆ ಕಾರಣಕ್ಕೇ ಇವತ್ತು ದೇಶಕ್ಕೆಲ್ಲ ಒಂದೇ 'ವಾಹನ್' ದಾಖಲೆ ಇದೆ, ಕಳುವಾದ ಗಾಡಿಗಳಿಗೆ 'ವಾಹನ್ ಸಮನ್ವಯ' ಅನ್ನೋ ಪಟ್ಟಿ ಇದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ರೇಟ್ ಮಾತಾಡುವ ಮೊದಲು ಚಾಸಿ ನಂಬರನ್ನ ಆ ಪಟ್ಟಿಯಲ್ಲಿ ನೋಡೋದು ಒಳ್ಳೇದು. ಕದ್ದ ಗಾಡಿಗೆ ಗಿರಾಕಿ ಇಲ್ಲದಿದ್ದರೆ ಕಳ್ಳನಿಗೆ ಕೆಲಸವೂ ಇಲ್ಲ.

ಈಗ ಸ್ಟೇರಿಂಗ್ ಲಾಕ್. ನಮ್ಮ ಇಡೀ ವಿಷಯ ಅರ್ಥ ಆಗೋದು ಇಲ್ಲೇ. ಚಾವಿ ತೆಗೆದರೆ ಸ್ಟೇರಿಂಗ್ ತಿರುಗದಂಗ ಬಿಗಿಯುವ ವ್ಯವಸ್ಥೆಯನ್ನು ಪಶ್ಚಿಮ ಜರ್ಮನಿ 1961ರಲ್ಲಿ ಕಡ್ಡಾಯ ಮಾಡಿತು. ಹೊಸ ಗಾಡಿಗೆ ಮಾತ್ರ ಅಲ್ಲ, ರಸ್ತೆ ಮೇಲಿದ್ದ ಹಳೇ ಗಾಡಿಗೂ. ಅಲ್ಲಿ ಕಾರು ಕಳುವು ಇಳಿಯಿತು, ಇಳಿದದ್ದು ಬಹಳ ವರ್ಷ ಹಂಗೇ ಉಳಿಯಿತು. ಬ್ರಿಟನ್ ಇದೇ ಕೆಲಸ 1971ರಲ್ಲಿ ಮಾಡಿತು, ಆದರೆ ಹೊಸ ಗಾಡಿಗೆ ಮಾತ್ರ. ಏನಾಯಿತು ಗೊತ್ತೇನ್ರಿ? ಲಂಡನ್ನಿನಲ್ಲಿ 1969ರಲ್ಲಿ ಕಳುವಾದ ಗಾಡಿಗಳಲ್ಲಿ ಸುಮಾರು ಐದಕ್ಕೆ ಒಂದು ಹೊಸದು. 1973ಕ್ಕೆ ಸುಮಾರು ಇಪ್ಪತ್ತಕ್ಕೆ ಒಂದು. ಹೊಸ ಗಾಡಿಯವರು ನೆಮ್ಮದಿಯಾಗಿ ಮಲಗಿದರು, ಕಳ್ಳರು ಹಳೇ ಗಾಡಿಗಳ ಕಡೆ ತಿರುಗಿದರು.

ಲಾಕ್ ಒಂದೇ, ಎರಡು ದೇಶದಲ್ಲಿ ಎರಡು ಫಲ. ಎಲ್ಲರಿಗೂ ಹಾಕಿದಲ್ಲಿ ಕಳ್ಳತನ ಇಳಿಯಿತು. ಕೆಲವರಿಗೆ ಹಾಕಿದಲ್ಲಿ ಕಳ್ಳತನ ಬಡವನ ಮನೆಗೆ ದಾರಿ ಹಿಡಿಯಿತು. ಯಾಕಂದರೆ ಹಳೇ ಗಾಡಿ ಇರೋದು ಯಾರ ಹತ್ತಿರ? ಹೊಸದು ಕೊಳ್ಳಲಾಗದವರ ಹತ್ತಿರ.

ನಮ್ಮ ದೇಶಕ್ಕೆ ಬರೋಣ. 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ತಯಾರಾಯಿತು. ಅದರ ಜೊತೆ ಪ್ರೀಮಿಯರ್ ಪದ್ಮಿನಿ. ಈ ಗಾಡಿಗಳ ಮುಂದಿನ ಬಾಗಿಲಿಗೆ ಗಾಳಿಗಾಗಿ ಒಂದು ತ್ರಿಕೋನದ ಸಣ್ಣ ಗಾಜು ಇರುತ್ತಿತ್ತು, ಹೊರಳಿಸಿ ತೆಗೆಯುವಂಥದ್ದು. ಸೆಕೆಗೆ ಬಹಳ ಆರಾಮ, ಆದರೆ ಅದು ಸಡಿಲಾದರೆ ಕೈ ಒಳಗ ಹೋಗುತ್ತಿತ್ತು. ಸವೆದ ಒಂದು ಚಾವಿ ಇದ್ದರೆ ಇನ್ನೊಬ್ಬರ ಅಂಬಾಸಿಡರ್ ಬಾಗಿಲೂ ತೆರೆಯುತ್ತದೆ ಅಂತ ಹಳೇ ಡ್ರೈವರ್‌ಗಳು ನಗುತ್ತ ಹೇಳುತ್ತಾರೆ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗಾಡಿಯ ಚಾವಿ ಗಿರಾಕಿಯ ಕೈಗೆ ಬಂತು. ಆಮೇಲೆ ಕಾರು ನಿಧಾನವಾಗಿ ಮಧ್ಯಮ ವರ್ಗದ ಮನೆಮುಂದೆ ಬಂದು ನಿಂತಿತು.

ನಮ್ಮ ಭಾಗದಲ್ಲಿ ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. ವಾಡಿಯ ಎಸಿಸಿ ಕಾರ್ಖಾನೆ 1968ರದು. ಆಮೇಲೆ ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ. ಶಹಾಬಾದಿನಲ್ಲಂತೂ ಸಿಮೆಂಟೂ ಪರಸಿಯೂ ಮೊದಲಿನಿಂದ ಇದ್ದವು. ಲಾರಿ ಬಂದವು, ಕಾಂಟ್ರಾಕ್ಟರ್‌ಗಳು ಬಂದರು, ದೂರದ ಊರಿನ ಕೆಲಸಗಾರರು ಬಂದರು, ಬಾಡಿಗೆ ಗಾಡಿಗಳ ಸ್ಟ್ಯಾಂಡ್ ಬೆಳೆದವು. ಅದು ಊರಿಗೆ ಅನ್ನ ಕೊಟ್ಟಿತು, ಯಾರೂ ಬೇಡ ಅನ್ನಲಾರರು. ಆದರೆ ಪ್ರತಿ ಗಾಡಿಯ ಮಾಲೀಕ ಯಾರು ಅಂತ ಊರಿಗೆಲ್ಲ ಗೊತ್ತಿರುವ ಕಾಲ ಮುಗಿಯಿತು. ಕಣ್ಣಿನ ಕಾವಲು ಸಡಿಲಾಯಿತು. ಅದರ ಜಾಗಕ್ಕೆ ಮಾರುಕಟ್ಟೆಯ ಕೀಲಿಗಳು ಬಂದವು: ಗೇರ್ ಲಾಕ್, ಸ್ಟೇರಿಂಗಿಗೆ ಹಾಕುವ ಕಬ್ಬಿಣದ ರಾಡು, ಕಿರುಚುವ ಸೈರನ್ನು, ಆಟೋಕಾಪ್‌ನಂಥ ರಿಮೋಟ್ ಲಾಕು.

ಇನ್ನು ಎಂಜಿನ್ ಇಮೊಬಿಲೈಸರ್. ಹೆಸರು ದೊಡ್ಡದು, ಕೆಲಸ ಸರಳ. ಚಾವಿಯ ಪ್ಲಾಸ್ಟಿಕ್ ತಲೆಯೊಳಗ ಒಂದು ಸಣ್ಣ ಚಿಪ್ ಇರುತ್ತದೆ. ಚಾವಿ ಹಾಕಿದಾಗ ಗಾಡಿಯ ಕಂಪ್ಯೂಟರ್ ಆ ಚಿಪ್ಪಿನ ಗುಟ್ಟಿನ ಸಂಕೇತ ಕೇಳುತ್ತದೆ. ಸರಿಯಾದ ಉತ್ತರ ಬಂದರೆ ಮಾತ್ರ ಎಂಜಿನ್ನಿಗೆ ಪೆಟ್ರೋಲು, ಕಿಡಿ. ಹಲ್ಲು ಹೊಂದುವ ನಕಲಿ ಚಾವಿ ಮಾಡಿಸಿದರೂ ಗಾಡಿ ಚಾಲೂ ಆಗೋದಿಲ್ಲ. ಯುರೋಪಿನಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರಿಗೆ ಇದು ಕಡ್ಡಾಯ. ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ. ನೆದರ್‌ಲ್ಯಾಂಡ್ಸಿನ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಕಳ್ಳರು ಹಳೇ ಗಾಡಿಗಳತ್ತ ಹೊರಳಿದ್ದನ್ನ ಕಳೆದ ಮೇಲೂ, ಕಾರು ಕಳುವು ಸುಮಾರು ಶೇ 40ರಷ್ಟು ಇಳಿದಿತ್ತು.

ಅಮೆರಿಕದಲ್ಲಿ ಇದು ಕಡ್ಡಾಯ ಇರಲಿಲ್ಲ. ಹುಂಡೈ, ಕಿಯಾ ಕಂಪನಿಗಳು ಅಲ್ಲಿ ಮಾರಿದ ಬಹಳಷ್ಟು ಚಾವಿ ತಿರುವುವ ಮಾಡೆಲ್‌ಗಳಲ್ಲಿ ಇಮೊಬಿಲೈಸರ್ ಇರಲಿಲ್ಲ. ಪಕ್ಕದ ಕೆನಡಾದಲ್ಲಿ ಅವೇ ಕಂಪನಿಗಳ ಗಾಡಿಗಳಲ್ಲಿ ಇತ್ತು, ಯಾಕಂದರೆ ಕಾನೂನು ಇತ್ತು. 2021ರ ಹೊತ್ತಿಗೆ ಅಮೆರಿಕದ ಪೋರರಿಗೆ ಇದು ಗೊತ್ತಾಯಿತು, ಟಿಕ್‌ಟಾಕ್‌ನಲ್ಲಿ ವಿಡಿಯೋ ಹರಿದಾಡಿದವು, ಊರೂರಲ್ಲಿ ಈ ಗಾಡಿಗಳು ಕಾಣೆಯಾಗತೊಡಗಿದವು. ಕೊನೆಗೆ 2023ರ ಫೆಬ್ರವರಿಯಲ್ಲಿ ಸುಮಾರು 83 ಲಕ್ಷ ಗಾಡಿಗಳಿಗೆ ಸಾಫ್ಟ್‌ವೇರ್ ತಿದ್ದುಪಡಿ ಕೊಡುವುದಾಗಿ ಪ್ರಕಟಣೆ ಹೊರಟಿತು. ಜೊತೆಗೆ ಪೊಲೀಸರ ಮೂಲಕ ಸಾವಿರಾರು ಸ್ಟೇರಿಂಗ್ ರಾಡು ಪುಕ್ಕಟೆ ಹಂಚಿದರು. 21ನೇ ಶತಮಾನದ ಗಾಡಿಯನ್ನು ಕಾಯಲಿಕ್ಕೆ ಕೊನೆಗೆ ಕಬ್ಬಿಣದ ರಾಡು ಬೇಕಾಯಿತು ನೋಡ್ರಿ.

ಹಂಗಂತ ಹೊಸ ಗಾಡಿಯವರು ನಿಶ್ಚಿಂತರಾಗಬೇಕಿಲ್ಲ. ಬಟನ್ ಒತ್ತಿ ಚಾಲೂ ಮಾಡುವ ಗಾಡಿಯ ಚಾವಿ ಗಾಡಿಯ ಜೊತೆ ರೇಡಿಯೋ ಸಂಕೇತದಲ್ಲಿ ಮಾತಾಡುತ್ತದೆ. ಮನೆಯೊಳಗಿನ ಚಾವಿಯ ಸಂಕೇತವನ್ನು ಹೊರಗಿನಿಂದ ಹಿಡಿದು ಗಾಡಿಗೆ ತಲುಪಿಸುವ ಕಳ್ಳರಿದ್ದಾರೆ. 2022ರಲ್ಲಿ ಲಂಡನ್ನಿನಲ್ಲಿ ವಾಹನ ಭದ್ರತೆಯ ಸಂಶೋಧಕರೊಬ್ಬರ ಕಾರೇ ಕಳುವಾಯಿತು. ಕಳ್ಳರು ಹೆಡ್‌ಲೈಟಿನ ಹಿಂದಿನ ವೈರಿನ ಮೂಲಕ ಗಾಡಿಯ ಕಂಪ್ಯೂಟರಿಗೆ ಸುಳ್ಳು ಸಂದೇಶ ಕಳಿಸಿದ್ದರು ಅಂತ ಆಮೇಲೆ ತಿಳಿಯಿತು.

ಈಗ ಕಾಣುವ ಕೀಲಿ, ಕಾಣದ ಕೀಲಿಯ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1986ರಲ್ಲಿ ಲೋಜ್ಯಾಕ್ ಅನ್ನೋ ಸಾಧನ ಬಂತು. ಗಾಡಿಯಲ್ಲಿ ಅಡಗಿಸಿಡುವ ಸಣ್ಣ ರೇಡಿಯೋ. ಗಾಡಿ ಕಳುವಾದರೆ ಪೊಲೀಸರು ಸಂಕೇತ ಹಿಡಿದು ಹುಡುಕುತ್ತಾರೆ. ಗಾಡಿಯ ಮೇಲೆ ಸ್ಟಿಕರ್ ಇಲ್ಲ, ಯಾವ ಗಾಡಿಯಲ್ಲಿ ಅದು ಇದೆ ಅಂತ ಕಳ್ಳನಿಗೆ ತಿಳಿಯೋದಿಲ್ಲ. ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ ಇದನ್ನ ಅಧ್ಯಯನ ಮಾಡಿ 1998ರಲ್ಲಿ ಬರೆದರು: ಈ ಸಾಧನದಿಂದ ಒಟ್ಟು ಸಮಾಜಕ್ಕೆ ಆಗುವ ಲಾಭದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಮಾತ್ರ ಅದನ್ನ ಹಾಕಿಸಿದ ಮಾಲೀಕನಿಗೆ ಸಿಗುತ್ತದೆ. ಉಳಿದದ್ದು ಹಾಕಿಸದ ಊರವರಿಗೆ. ಯಾವ ಗಾಡಿಯಲ್ಲಿ ಇದ್ದೀತು ಅನ್ನೋ ಅಂಜಿಕೆಯಿಂದ ಕಳ್ಳ ಎಲ್ಲ ಗಾಡಿಗೂ ಹೆದರುತ್ತಾನೆ.

ಗೇರ್ ಲಾಕ್ ಅಥವಾ ರಾಡು ಕಿಟಕಿಯಿಂದ ಕಾಣುತ್ತದೆ. ಕಳ್ಳ ನೋಡಿ ಮುಂದಿನ ಗಾಡಿಗೆ ಹೋಗುತ್ತಾನೆ. ಅಡಗಿಸಿದ ಜಿಪಿಎಸ್, ಅಡಗಿಸಿದ ಸ್ವಿಚ್ ಕಾಣೋದಿಲ್ಲ. ಮೊದಲಿನದು ನನ್ನ ಮನೆಯ ಕಾವಲು, ಎರಡನೆಯದು ಓಣಿಯ ಕಾವಲು. ಎರಡೂ ಬೇಕು. ಆದರೆ ಓಣಿಯ ಕಾವಲಿನ ಖರ್ಚು ಒಬ್ಬನ ಮೇಲೆ, ಲಾಭ ಎಲ್ಲರಿಗೂ ಆದ್ದರಿಂದ, ಅದನ್ನ ಹಾಕಿಸುವವರು ಕಡಿಮೆ.

ನಾನು ಓದಿದ್ದು ಬಿ.ಕಾಂ, ಹಿಂಗಾಗಿ ಲೆಕ್ಕ ಬಿಡಲಾರೆ. ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ ಭಾರತದ ಮೋಟಾರು ವಿಮೆ ದರಪಟ್ಟಿ ಇಟ್ಟ ರಿಯಾಯಿತಿ ಎಷ್ಟು? ಸ್ವಂತ ಹಾನಿ ಪ್ರೀಮಿಯಮ್ಮಿನಲ್ಲಿ ಶೇ 2.5, ಗರಿಷ್ಠ 500 ರೂಪಾಯಿ. 8,000 ರೂಪಾಯಿ ಪ್ರೀಮಿಯಮ್ ಇದ್ದರೆ ಉಳಿತಾಯ 200. ಇಷ್ಟಕ್ಕೆ ಯಾರು ಹಾಕಿಸ್ತಾರೆ?

ಇನ್ನೊಂದು ಲೆಕ್ಕ. ಕಡ್ಡಾಯದ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಳುವಾದ ಗಾಡಿಗೆ ಒಂದು ರೂಪಾಯಿಯೂ ಬರೋದಿಲ್ಲ. ಪೂರ್ಣ ವಿಮೆ ಇದ್ದರೂ ಬರುವುದು ಐಡಿವಿ, ಅಂದರೆ ಸವಕಳಿ ಕಳೆದ ಬೆಲೆ. ದರಪಟ್ಟಿ ಪ್ರಕಾರ ನಾಲ್ಕು ವರ್ಷ ದಾಟಿ ಐದರೊಳಗಿನ ಗಾಡಿಗೆ ಸವಕಳಿ ಶೇ 50. ಬೆಲೆ 6 ಲಕ್ಷ ಅಂದರೆ ಐಡಿವಿ 3 ಲಕ್ಷ. ಸಾಲ ಇನ್ನೂ 1.8 ಲಕ್ಷ ಬಾಕಿ ಇದ್ದರೆ ಅದು ಮೊದಲು ಫೈನಾನ್ಸಿಗೆ. ಕೈಗೆ ಉಳಿಯೋದು 1.2 ಲಕ್ಷ, ಅದೂ ಪೊಲೀಸರು ಪತ್ತೆಯಾಗಲಿಲ್ಲ ಅಂತ 'ಸಿ ರಿಪೋರ್ಟ್' ಕೊಟ್ಟ ಮೇಲೆ. ಆ ಗಾಡಿ ಬಾಡಿಗೆಗೆ ಓಡಿ ಮನೆ ನಡೆಸುತ್ತಿದ್ದರೆ, ಆ ತಿಂಗಳುಗಳ ದುಡಿಮೆಯ ಲೆಕ್ಕ ಸಾಮಾನ್ಯ ಪಾಲಿಸಿಯಲ್ಲಿ ಇರೋದಿಲ್ಲ. ಇಮೊಬಿಲೈಸರ್ ಇಲ್ಲದ, ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವ, ಸಾಲದ ಹಳೇ ಗಾಡಿ: ನಷ್ಟ ತಡಕೊಳ್ಳಲಾರದವನ ಮೇಲೆಯೇ ಕಳ್ಳತನದ ಭಾರ ಬೀಳುತ್ತದೆ. ಬ್ರಿಟನ್ನಿನ 1971ರ ಪಾಠ ಇದೇ.

ನಮ್ಮ ರಾಜ್ಯ ಇತ್ತೀಚೆಗೆ ಎಲ್ಲರಿಗೂ ಹಾಕಲು ಹೊರಟ ಒಂದು ಸಾಧನ ಎಚ್‌ಎಸ್‌ಆರ್‌ಪಿ, ಅತಿ ಸುರಕ್ಷಿತ ನಂಬರ್ ಪ್ಲೇಟು. ಇದರ ನಿಯಮ ಬಂದದ್ದು 2001ರಲ್ಲಿ. ಸುಪ್ರೀಂ ಕೋರ್ಟ್ 2004ರಲ್ಲಿ ಎತ್ತಿಹಿಡಿಯಿತು. ಹೊಸ ವಾಹನಗಳಿಗೆ 2019ರ ಏಪ್ರಿಲ್ 1ರಿಂದ ಕಡ್ಡಾಯ. ಅದಕ್ಕೂ ಹಿಂದಿನ ವಾಹನಗಳಿಗೆ ಕರ್ನಾಟಕ 2023ರ ಆಗಸ್ಟಿನಲ್ಲಿ ಆದೇಶ ಹೊರಡಿಸಿತು. ಅಂಥವು ರಾಜ್ಯದಲ್ಲಿ ಸುಮಾರು 2 ಕೋಟಿ. ಗಡುವು ನವೆಂಬರ್ 17, ಆಮೇಲೆ 2024ರ ಫೆಬ್ರವರಿ 17, ಆಮೇಲೆ ಮೇ 31, ಆಮೇಲೂ ಮುಂದಕ್ಕೆ. ಕೆಎ-32ರ ನಮ್ಮ ಜನ ಬೈಕಿಗೂ ಟ್ರ್ಯಾಕ್ಟರಿಗೂ ಬುಕ್ ಮಾಡಲು ಆನ್‌ಲೈನ್ ಸೆಂಟರ್‌ಗೆ ಓಡಾಡಿದ್ದು ನೆನಪಿರಬೇಕು. ದಂಡದ ಅಂಜಿಕೆಗೆ ಹಾಕಿಸಿದವರೇ ಬಹಳ. ಇದರ ಉದ್ದೇಶವನ್ನು ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ.

ಆ ಪ್ಲೇಟಿನಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ ಇವೆ. ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಲಾಕ್ ಇದೆ. ಇದು ಗಾಡಿ ಒಯ್ಯೋದನ್ನ ತಡೆಯೋದಿಲ್ಲ. ಒಯ್ದ ಗಾಡಿಗೆ ಸುಳ್ಳು ನಂಬರ್ ಹಾಕಿ ಮಾರೋದನ್ನ ಕಷ್ಟ ಮಾಡುತ್ತದೆ. ಆದರೆ ಎಲ್ಲರೂ ಹಾಕಿಸಿದಾಗ ಮಾತ್ರ. ಅರ್ಧ ಗಾಡಿಗಳಿಗೆ ಹಳೇ ಪ್ಲೇಟೇ ಇದ್ದರೆ, ಕಳ್ಳ ಹಾಕಿದ ಹಳೇ ನಮೂನೆಯ ಪ್ಲೇಟನ್ನು ನೋಡಿ ಗಡಿಯಲ್ಲಿ ಯಾರಿಗೂ ಸಂಶಯ ಬರೋದಿಲ್ಲ. ಅಂದರೆ ನಾನು ಹಾಕಿಸದ ಪ್ಲೇಟು ಇನ್ನೊಬ್ಬನ ಗಾಡಿ ಕಳೆಯಲು ಮರೆ ಆಗುತ್ತದೆ.

ಹಂಗಾದರೆ ಏನು ಮಾಡಬೇಕು? ಹಳೇ ಗಾಡಿಗೆ ಗೇರ್ ಲಾಕ್ ಹಾಕಿಸಿ, ರಾತ್ರಿ ಮಾತ್ರವಲ್ಲ, ಹತ್ತು ನಿಮಿಷ ನಿಲ್ಲಿಸಿದರೂ ಬಿಗಿಯಿರಿ. ಗೊತ್ತಿರುವ ನಂಬಿಗಸ್ತ ಎಲೆಕ್ಟ್ರಿಷಿಯನ್ ಹತ್ತಿರ ಪೆಟ್ರೋಲ್ ಪಂಪಿನ ಲೈನಿಗೆ ಒಂದು ಗುಪ್ತ ಸ್ವಿಚ್ ಇಡಿಸಿ. ಗಾಡಿ ವಾರಂಟಿಯಲ್ಲಿದ್ದರೆ ಮೊದಲು ಷೋರೂಮಿನಲ್ಲಿ ಕೇಳಿ. ಸಿಮ್ ಇರುವ ಜಿಪಿಎಸ್ ಹಾಕಿಸಿದರೆ ರೀಚಾರ್ಜ್ ಮುಗಿಯದಂಗ ನೋಡಿಕೊಳ್ಳಿ. ಬಟನ್ ಗಾಡಿಯ ಚಾವಿಯನ್ನು ಸಂಕೇತ ತಡೆಯುವ ಚೀಲದಲ್ಲಿಟ್ಟು, ಬಾಗಿಲಿನಿಂದ ದೂರ ಇಡಿ. ಅಸಲಿ ಆರ್‌ಸಿ ಗಾಡಿಯಲ್ಲಿ ಬಿಡಬೇಡಿ, ಡಿಜಿಲಾಕರ್ ಪ್ರತಿ ನಡೆಯುತ್ತದೆ. ಎರಡನೇ ಚಾವಿ ಜೋಪಾನ. ಕ್ಲೇಮಿನ ಹೊತ್ತಿಗೆ ವಿಮೆಯವರು ಎರಡೂ ಚಾವಿ ಕೇಳುತ್ತಾರೆ.

ಕಳುವಾದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ, ಕೂಡಲೇ ಎಫ್‌ಐಆರ್ ಮಾಡಿಸಿ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ, ವಿಮೆ ಕಂಪನಿಗೆ ತಡವಾಗಿ ತಿಳಿಸಿದ್ದು ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಚಾವಿ ಗಾಡಿಯಲ್ಲೇ ಬಿಟ್ಟಿದ್ದ ಒಂದು ಲಾರಿಯ ಪ್ರಕರಣದಲ್ಲಿ 2023ರಲ್ಲಿ ಶೇ 75ರಷ್ಟು ಕೊಡಿಸಿತು. ಅಂದರೆ ಚಾವಿ ಮರೆತವನೂ ಬರಿಗೈಯಲ್ಲಿ ಹೋಗಬೇಕಿಲ್ಲ, ಆದರೆ ಕಾಲು ಭಾಗ ಕಳಕೊಂಡ.

ಕೊನೆಯ ಮಾತು ಸ್ಟ್ಯಾಂಡಿನವರಿಗೆ, ಓಣಿಯವರಿಗೆ. ಒಬ್ಬೊಬ್ಬರೇ ಲಾಕ್ ಕೊಂಡರೆ ಕಳ್ಳ ಲಾಕ್ ಇಲ್ಲದವನನ್ನ ಹುಡುಕುತ್ತಾನೆ. ಒಂದು ಸ್ಟ್ಯಾಂಡಿನ ಇಪ್ಪತ್ತು ಗಾಡಿಯವರು ಕೂಡಿ ಒಬ್ಬ ಮಿಸ್ತ್ರಿಗೆ ಕೆಲಸ ಕೊಟ್ಟರೆ ರೇಟೂ ಇಳಿಯುತ್ತದೆ, ಹಾಕಿಸದವನೂ ಉಳಿಯೋದಿಲ್ಲ. ಜರ್ಮನಿಯಲ್ಲಿ ಅದನ್ನ ಸರ್ಕಾರ ಮಾಡಿತು. ನಾವು ಸರ್ಕಾರಕ್ಕೆ ಕಾಯಬೇಕಿಲ್ಲ, ಒಂದು ಭಾನುವಾರ ಸಾಕು. ನಿಮ್ಮ ಸ್ಟ್ಯಾಂಡಿನಲ್ಲಿ ಈ ಮಾತು ಎತ್ತಿ ನೋಡ್ರಿ, ಏನಾಯಿತು ಅಂತ ನಮಗೂ ತಿಳಿಸ್ರಿ.